ಒಂದು ವಾರ ಓಡಿಸಿದರೆ ಸಾಕೇ?

ಮಾನ್ಯ ಸಂಪಾದಕರೇ,

ಹೋಬಳಿ ಮಟ್ಟದ ಕ್ರೀಡಾಕೂಟದ ತಾರೀಕು ಗೊತ್ತಾದರೆ ಸಾಕು, ನಮ್ಮ ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಗಡಿಬಿಡಿ ಶುರು. ಬೀರುವಿನಿಂದ ಬ್ಯಾಟನ್ (ರಿಲೇ ಓಟದಲ್ಲಿ ಕೈಯಿಂದ ಕೈಗೆ ದಾಟಿಸುವ ಕೋಲು) ಹೊರಗೆ ಬರುತ್ತದೆ. ಬೆಳಿಗ್ಗೆ, ಸಂಜೆ ಮಕ್ಕಳನ್ನು ಓಡಿಸಿದ್ದೇ ಓಡಿಸಿದ್ದು. ಕೂಟ ಮುಗಿದ ಮಾರನೇ ದಿನ ಎಲ್ಲ ತಣ್ಣಗೆ. ನಾನು ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಇದನ್ನು ನೋಡಿದಾಗೆಲ್ಲ ಬೇಜಾರಾಗುತ್ತದೆ.

ನಾಲ್ವರು ತಲಾ 100 ಮೀಟರ್ ಓಡುವ 4×100 ಮೀಟರ್ ರಿಲೇಯನ್ನೇ ನೋಡಿ. ಬ್ಯಾಟನ್ 30 ಮೀಟರ್ ಜಾಗದೊಳಗೆ ಕೈ ಬದಲಾಗಬೇಕು. ಕೊಡುವವಳು ಪೂರ್ತಿ ವೇಗದಲ್ಲಿ ಬರುತ್ತಾಳೆ. ತೆಗೆದುಕೊಳ್ಳುವವಳು ಹಿಂದೆ ನೋಡದೆ, ಓಡುತ್ತಲೇ ಕೈ ಚಾಚಬೇಕು. ಅವಳು ಯಾವಾಗ ಹೊರಡಬೇಕು ಅಂತ ನೆಲದ ಮೇಲೆ ಒಂದು ಗುರುತು ಹಾಕಿರುತ್ತೇವೆ. ಬೇಗ ಹೊರಟರೆ ಬ್ಯಾಟನ್ ಸಿಗುವ ಮೊದಲೇ ಜಾಗ ಮುಗಿಯುತ್ತದೆ. ತಡವಾದರೆ ಇಬ್ಬರೂ ಡಿಕ್ಕಿ! ಜೋಡಿ ಬದಲಾದರೆ ಗುರುತೂ ಬದಲಾಗುತ್ತದೆ. ಅದು ಸರಿಯಾಗಿ ಕೂರುವುದು ಅದೇ ಇಬ್ಬರು ತಿಂಗಳುಗಟ್ಟಲೆ ಒಟ್ಟಿಗೆ ಓಡಿದರೆ ಮಾತ್ರ. 100 ಮೀಟರಿನಲ್ಲಿ ಒಂದು ಪದಕವೂ ಸಿಗದ ನಾಲ್ವರು ಹುಡುಗಿಯರು ರಿಲೇಯಲ್ಲಿ ಮೊದಲು ಬಂದಿದ್ದನ್ನು ನಾನೇ ನೋಡಿದ್ದೇನೆ. ಅವರಿಗಿಂತ ಜೋರಾಗಿ ಓಡುವವರು ಬ್ಯಾಟನ್ ಬೀಳಿಸಿ ಅಳುತ್ತಾ ನಿಂತಿದ್ದರು.

ಲಾಂಗ್ ಜಂಪ್ ಕೂಡ ಅಷ್ಟೇ. ಜಿಗಿಯುವ ಹಲಗೆ ಬರೀ 20 ಸೆಂಟಿಮೀಟರ್ ಅಗಲ. ದೂರದಿಂದ ಓಡಿಬಂದು ಅದರ ಮೇಲೇ ಕಾಲಿಡಬೇಕೆಂದರೆ ಪ್ರತಿ ಸಲವೂ ಹೆಜ್ಜೆ ಒಂದೇ ಅಳತೆಗೆ ಬೀಳಬೇಕು. ಹಲಗೆ ದಾಟಿ ಕಾಲಿಟ್ಟರೆ ಫೌಲ್, ಹಲಗೆಗೆ ಮೊದಲೇ ಜಿಗಿದರೆ ಅಷ್ಟು ದೂರ ನಷ್ಟ.

ಇನ್ನು, ವರ್ಷವಿಡೀ ಸುಮ್ನೆ ಕೂರಿಸಿ ಒಂದೇ ವಾರದಲ್ಲಿ ವಿಪರೀತ ಓಡಿಸಿದರೆ ಮಕ್ಕಳಿಗೆ ಮುಂಗಾಲಿನ ನೋವು, ತೊಡೆ ಹಿಡಿಯುವುದು ಖಂಡಿತ. ಸ್ಪರ್ಧೆಯ ದಿನ ಒಳ್ಳೆಯ ಓಟಗಾರರೇ ಕುಂಟುತ್ತಿರುತ್ತಾರೆ.

'ಮಳೆಗಾಲದಲ್ಲಿ ಎಲ್ಲಿ ಓಡಿಸೋದು ಸಾರ್?' ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಜೂನ್ ಬಂತೆಂದರೆ ನಮ್ಮ ಮೈದಾನಗಳು ಕೆಸರಿನ ಹೊಂಡ. ಆದರೆ ನಾಲ್ವರು ಸಾಲಾಗಿ ನಿಂತು ಕೈ ಬೀಸುತ್ತಾ ಬ್ಯಾಟನ್ ದಾಟಿಸುವುದಕ್ಕೆ ಶಾಲೆಯ ಜಗಲಿ ಸಾಕು. ಸ್ಕಿಪ್ಪಿಂಗ್‌ಗೂ ಸಾಕು. ದಿನಕ್ಕೆ ಅರ್ಧ ಗಂಟೆ ಆದರೂ ಆಯಿತು, ಬಿಡದೆ ಆಗಬೇಕು, ಅಷ್ಟೇ.

ನಮ್ಮ ಜಿಲ್ಲೆಯವರೇ ಆದ ಕಡೂರಿನ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ಚಿಕ್ಕ ವಯಸ್ಸಿನಲ್ಲೇ ತರಬೇತಿಗಾಗಿ ಬೆಂಗಳೂರಿಗೆ ಹೋದವರು. ತೋಟದ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಅದು ಆಗುತ್ತದಾ? ಅವರಿಗಿರುವುದು ಶಾಲೆಯ ಆಟದ ಪಿರಿಯಡ್ ಒಂದೇ. ಅದನ್ನೂ ಎಸ್ಸೆಸ್ಸೆಲ್ಸಿ ಹೆಸರಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟುಬಿಡುತ್ತಾರೆ.

ವೇಳಾಪಟ್ಟಿಯಲ್ಲಿರುವ ಆಟದ ಪಿರಿಯಡ್ ನಿಜವಾಗಿ ನಡೆಯುತ್ತಿದೆಯಾ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಈ ತಿಂಗಳ ಸಭೆಯಲ್ಲೇ ಕೇಳಲಿ. ಹಾಗೆಯೇ ಲಾಂಗ್ ಜಂಪ್ ಗುಂಡಿಯಲ್ಲಿ ಬೆಳೆದಿರುವ ಹುಲ್ಲನ್ನೂ ಕೀಳಿಸಲಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ, ಮೂಡಿಗೆರೆ