ಏಳನೇ ನಂಬರಿನ ಇಲಿ: ಮಗಳಿಗೊಂದು ಪತ್ರ

ತೀರ್ಥಹಳ್ಳಿ, ಸೋಮವಾರ ರಾತ್ರಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ‘ನಿನಗೆ ಕರುಳೇ ಇಲ್ವಾ’ ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು, ತಪ್ಪಾಯಿತು. ಆದರೆ ನಿನ್ನ ಗಡ್ಡೆ ಔಷಧಿಯ ಪ್ರಯೋಗದ ಏಳನೇ ನಂಬರಿನ ಇಲಿಯ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ: ಶುಕ್ರವಾರದವರೆಗೆ ಕಾಯದೆ ಅದಕ್ಕೆ ಈಗಲೇ ನೋವಿಲ್ಲದ ಸಾವು ಕೊಡಬೇಕು.

ಗಡ್ಡೆ 17 ಮಿ.ಮೀ. ಉದ್ದ, 14 ಅಗಲ ಅಂತ ನೀನೇ ಅಂದೆ. ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ 1666 ಘನ ಮಿ.ಮೀ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳಿ ನೈತಿಕ ಸಮಿತಿಗೆ ಕೊಡುವ ಫಾರ್ಮ್ ಬಿಯಲ್ಲಿ ನೀನೇ ಬರೆದುಕೊಟ್ಟ ಮಿತಿ 1500, ಅದು ದಾಟಿದ ಪ್ರಾಣಿಯನ್ನು ಮುಂದೆ ಇಟ್ಟುಕೊಳ್ಳುವಂತಿಲ್ಲ. ‘ಅಗಲ 13 ಅಂತಲೂ ಓದಬಹುದಮ್ಮಾ’ ಅಂದೆಯಲ್ಲ, ಆ ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ. 13 ಅಂದರೆ ಲೆಕ್ಕ 1437ಕ್ಕೆ ಇಳಿಯುತ್ತದೆ. ಗಡ್ಡೆ ಅಳೆಯುವ ಕ್ಯಾಲಿಪರನ್ನು ಸ್ವಲ್ಪ ಒತ್ತಿ ಹಿಡಿದರೆ ಸಾಕು, ಮಿತಿ ದಾಟಿದ ಪ್ರಾಣಿ ಪುಸ್ತಕದಲ್ಲಿ ಮಿತಿಯೊಳಗೆ ಬಂದುಬಿಡುತ್ತದೆ. ಇಲಿ ಔಷಧಿ ಕೊಟ್ಟ ಗುಂಪಿನದೋ ಕೊಡದ ಗುಂಪಿನದೋ ತಿಳಿಯದ ಬೇರೆಯವರ ಕೈಯಲ್ಲಿ ಅಳೆಸು ಅಂತ ನಾನು ಹಟ ಮಾಡುವುದು ಇದಕ್ಕೇ.

ತೂಕ ಹೆಚ್ಚೇನೂ ಇಳಿದಿಲ್ಲ, 22 ಗ್ರಾಂ ಇದ್ದದ್ದು 20 ಆಗಿದೆ ಅಂದೆ. ಆ 20ರಲ್ಲಿ ಗಡ್ಡೆಯದೇ ಸುಮಾರು 1.7 ಗ್ರಾಂ. ಅದನ್ನು ಕಳೆ: ಇಲಿಯ ಮೈ 18.3, ಅಂದರೆ ಶೇ. 17ರಷ್ಟು ಕರಗಿದೆ. ಇನ್ನು ಕಾಯಬಾರದು ಅನ್ನುವ ಶೇ. 20ರ ಗೆರೆಗೆ ಇನ್ನೆಷ್ಟು ದೂರ? ಗಡ್ಡೆಯ ನೆತ್ತಿ ಬೇರೆ ಹುಣ್ಣಾಗಿ ಒಸರುತ್ತಿದೆ. ಅಳತೆ ಬದಿಗಿಡು, ಆ ಹುಣ್ಣೊಂದೇ ಸಾಕು.

ಶುಕ್ರವಾರದವರೆಗೆ ಕಾಯಿ ಅಂದ ನಿಮ್ಮ ಸರ್ ಅವರ ಲೆಕ್ಕ ನನಗೂ ಗೊತ್ತು. ಔಷಧಿ ಕೊಡದ ಕಂಟ್ರೋಲ್ ಗುಂಪಿನಿಂದ ದೊಡ್ಡ ಗಡ್ಡೆಯ ಇಲಿಗಳು ಹೋದರೆ ಉಳಿದವುಗಳ ಸರಾಸರಿ ಇಳಿದು, ಔಷಧಿ ಇದ್ದದ್ದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ನಿಜ. ಹಾಗಾದರೆ ಸರಾಸರಿಯ ಹೋಲಿಕೆಯನ್ನು ಗುಂಪು ಪೂರ್ತಿ ಇದ್ದ ಕೊನೆಯ ದಿನಕ್ಕೇ ನಿಲ್ಲಿಸಿ. ಮುಂದಿನ ಪ್ರೋಟೋಕಾಲಿನಲ್ಲಿ 1500 ಮುಟ್ಟಲು ಎಷ್ಟು ದಿನ ಹಿಡಿಯಿತು ಅನ್ನುವುದನ್ನೇ ಫಲಿತಾಂಶ ಅಂತ ಮೊದಲೇ ಬರೆದಿಡಿ, ಎಷ್ಟು ಇಲಿಗಳು ಇನ್ನೂ ಮಿತಿ ಮುಟ್ಟಿಲ್ಲ ಅಂತ ದಿನದಿನಕ್ಕೆ ತೋರಿಸುವ ಕ್ಯಾಪ್ಲಾನ್-ಮೈಯರ್ ರೇಖೆ ಎಳೆಯಿರಿ. ಆಗ ಮಿತಿ ಮುಟ್ಟಿದ ದಿನವೇ ಆ ಇಲಿಯ ಉತ್ತರ ಸಿಕ್ಕಿರುತ್ತದೆ. ಆಮೇಲಿನ ನಾಲ್ಕು ದಿನದ ನರಳಾಟದಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ.

ಹುಣ್ಣಿಗೆ ಕಾರಣ ಸೂಜಿ ಮೇಲುಮೇಲಕ್ಕೆ ಹೋಗಿದ್ದಿರಬೇಕು. ಗಡ್ಡೆ ಬೆಳೆಸಲು ಚುಚ್ಚುವ, ಚರ್ಮದ ಕೆಳಗೆ ಬೀಳಬೇಕಾದ ಕೋಶಗಳು ಚರ್ಮದೊಳಗೇ ಕೂತರೆ ಗಡ್ಡೆ ಬೇಗ ಒಡೆಯುತ್ತದೆ. ಮುಂದಿನ ಸಲ ಪಕ್ಕೆಯ ಚರ್ಮ ಎತ್ತಿ ಹಿಡಿದು ಅದರಡಿ ಸೂಜಿ ಜಾರಿಸು. ತುದಿ ಸಲೀಸಾಗಿ ಅತ್ತಿತ್ತ ಆಡಬೇಕು. 100 ಮೈಕ್ರೋಲೀಟರ್ ನಿಧಾನ ಬಿಟ್ಟು, ತುಸು ತಡೆದು ಹೊರಗೆಳೆ, ಇಲ್ಲದಿದ್ದರೆ ಸೋರುತ್ತದೆ. ಕೋಶಗಳನ್ನು ಬೆರೆಸುವ ಮ್ಯಾಟ್ರಿಜೆಲ್ ಅನ್ನುವ ಲೋಳೆಯ ಜೊತೆ ಸಿರಿಂಜೂ ಐಸ್ ಮೇಲೇ ಇರಲಿ, ಬಿಸಿಯಾದರೆ ಹೆಪ್ಪುಗಟ್ಟಿ ಒಂದೊಂದು ಇಲಿಗೆ ಒಂದೊಂದು ಪ್ರಮಾಣ ಹೋಗುತ್ತದೆ. ಗಡ್ಡೆ 100ರಿಂದ 150 ಘನ ಮಿ.ಮೀ. ಆದ ಮೇಲೆ ಇಲಿಗಳನ್ನು ಗುಂಪಿಗೆ ಹಂಚು.

ನೋಡು, ಮತ್ತೆ ಪಾಠಕ್ಕೆ ಕೂತೆ. ಆ ಫಾರ್ಮನ್ನು ಯಾರ ಸಹಾಯವೂ ಇಲ್ಲದೆ ನೀನೇ ಬರೆದೆ ಅಂತ ಅಪ್ಪಯ್ಯ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನನಗೂ ಹೆಮ್ಮೆಯೇ, ಅದಕ್ಕೇ ಅದರಲ್ಲಿ ನೀನು ಬರೆದ 1500ನ್ನು ಬಿಟ್ಟುಕೊಡಲಾರೆ. ಸರ್ ಒಪ್ಪದಿದ್ದರೆ ನಿಮ್ಮ ಪ್ರಾಣಿಗೃಹದ ವೆಟರ್ನರಿ ಡಾಕ್ಟರಿಗೆ ಹೇಳು, ಹೆದರಬೇಡ.

ಇಲ್ಲಿ ಮಳೆ ಬಿಟ್ಟಿಲ್ಲ, ತೋಟಕ್ಕೆ ಕೊಳೆಮದ್ದು ಹೊಡೆದಾಗಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಫೋನ್ ಮಾಡಬೇಡ. ಏಳನೇ ನಂಬರಿನದು ಏನಾಯಿತು ಅಂತ ಒಂದು ಸಾಲು ಬರಿ.

ನಿನ್ನ ಅಮ್ಮ