ಈ ಸಲ ಉಪ್ಪಾಗೆ ಸಿಪ್ಪೆ ಲೇಟು, ರೇಟೂ ಜಾಸ್ತಿ: ಯಾಕೆ ಅಂತ ಓದಿ

ನಮಸ್ಕಾರ ಎಲ್ರಿಗೂ,

ಮಳೆ ಹಿಡೀತು ಅಂದ್ರೆ "ಉಪ್ಪಾಗೆ ಸಿಪ್ಪೆ ಬಂತಾ" ಅಂತ ವಾಟ್ಸಾಪಲ್ಲಿ ಮೆಸೇಜ್ ಶುರು ಆಗ್ತದೆ, ಅದಕ್ಕೇ ಮೊದ್ಲೇ ಹೇಳ್ಬಿಡ್ತೇವೆ. (ಗೊತ್ತಿಲ್ದವ್ರಿಗೆ: ಉಪ್ಪಾಗೆ ಅಂದ್ರೆ ಹುಳಿಗೆ ಹಾಕೋ ಕಾಡು ಹಣ್ಣು, ಅದರ ಒಣಗಿಸಿದ ಸಿಪ್ಪೆ ನಾವು ಮಾರೋದು.) ಈ ವರ್ಷದಿಂದ ಜುಲೈನಲ್ಲಿ ಸಿಪ್ಪೆ ಇಲ್ಲ, ಸೆಪ್ಟೆಂಬರ್ ಹೊತ್ತಿಗೆ ಕಳಿಸ್ತೇವೆ, ಅರ್ಧ ಕೆಜಿ ಪ್ಯಾಕ್ ನಿಲ್ಸಿದ್ದೇವೆ, ಇನ್ನು ಕಾಲು ಕೆಜಿದು ಮಾತ್ರ, ಒಂದು ಮನೆಗೆ ಎರಡೇ ಪ್ಯಾಕ್, ಪ್ಯಾಕಿಗೆ 40 ರೂಪಾಯಿ ಜಾಸ್ತಿ. ಉಪ್ಪಾಗೆ ಬೀಜದಿಂದ ತೆಗೆಯೋ ತುಪ್ಪನೂ ಕಮ್ಮಿನೇ.

ಕಾರಣ ಸಿಂಗಳೀಕ ಅನ್ನೋ ಮಂಗ. ಕರೀ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದೀಲಿ ಕುಚ್ಚು, ನೋಡಿರ್ತೀರಿ ಫೋಟೋದಲ್ಲಾದ್ರೂ. ಪಶ್ಚಿಮ ಘಟ್ಟ ಬಿಟ್ರೆ ಬೇರೆ ಯಾವ ಕಾಡಲ್ಲೂ ಇಲ್ಲ, ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿ ನಾಲ್ಕು ಸಾವಿರದ ಆಸುಪಾಸು ಇರಬಹುದು ಅನ್ನೋ ಅಂದಾಜು. ಹೆಣ್ಣು ಮರಿ ಹಾಕೋದೂ ಎರಡು ಮೂರು ವರ್ಷಕ್ಕೊಂದು. ನಮ್ಮ ಅಘನಾಶಿನಿ ಕಣಿವೆ ಅಂದ್ರೆ ಸಿಂಗಳೀಕ ಇರೋ ಜಾಗದ ಉತ್ತರದ ತುದಿ. 2011ರಲ್ಲಿ ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನ ಸಿಂಗಳೀಕಕ್ಕೆ ಅಂತ ಸಂರಕ್ಷಣಾ ಮೀಸಲು ಮಾಡಿದ್ರು, 2019ರಲ್ಲಿ ಅದೂ ಸೇರಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯ್ತು. ಒಳ್ಳೇದೇ, ಆದ್ರೆ ಬೋರ್ಡ್ ಹಾಕಿದ್ರೆ ಮಂಗನ ಹೊಟ್ಟೆ ತುಂಬಲ್ವಲ್ಲ.

ಮಳೆಗಾಲದಲ್ಲಿ ಅದು ತಿನ್ನೋದ್ರಲ್ಲಿ ನಮ್ಮ ಉಪ್ಪಾಗೆನೂ ಒಂದು. ಮೊದ್ಲು ಇದು ಮನೆ ಖರ್ಚಿನ ಹುಳಿ ಅಷ್ಟೇ ಆಗಿತ್ತು, 90ರ ದಶಕದಲ್ಲಿ ತೂಕ ಇಳಿಸೋ ಮಾತ್ರೆಗೆ ಅಂತ ಫಾರಿನ್ನಿಂದ ಡಿಮ್ಯಾಂಡ್ ಬಂತು ನೋಡಿ, ಅಲ್ಲಿಂದ ಕಥೆ ಬದಲಾಯ್ತು. ಕಾನಿನ (ಕಾಡಿನ) ಮರ ಯಾರೊಬ್ಬರದ್ದೂ ಅಲ್ಲ, ನಾನು ಹಣ್ಣಾಗ್ಲಿ ಅಂತ ಬಿಟ್ರೆ ನಾಳೆ ಬೆಳಿಗ್ಗೆ ಇನ್ನೊಬ್ಬ ಕೊಯ್ದಿರ್ತಾನೆ, ಹಾಗಾಗಿ ಎಲ್ರೂ ಕಾಯಿ ಹಸಿರಿದ್ದಾಗ್ಲೇ ದೋಟಿ ಹಿಡ್ಕೊಂಡು ಹೋಗೋದು, ಅವಸರ ಇದ್ದವ್ರು ಟೊಂಗೆನೇ ಕಡಿದು ಕೆಳಗೆ ಹಾಕೋದು. ಟೊಂಗೆ ಹೋಯ್ತು ಅಂದ್ರೆ ಮುಂದಿನ ವರ್ಷದ ಕಾಯೂ ಹೋಯ್ತು. ಸಿಂಗಳೀಕ ನೆಲಕ್ಕೆ ಇಳಿಯೋದೇ ಅಪರೂಪ, ಮರದಿಂದ ಮರಕ್ಕೇ ಓಡಾಟ, ಮೇಲೆ ಟೊಂಗೆ ತಪ್ಪಿದ್ರೆ ದಾರಿನೂ ತಪ್ತು. ಇನ್ನು ಉಪ್ಪಾಗೇಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ, ಗಂಡು ಮರ ಕಾಯಿ ಬಿಡಲ್ಲ ಅಂತ ಅದನ್ನ ಕಡಿಯೋ ಜಾಣರೂ ಇದ್ದಾರೆ!

ಅದಕ್ಕೆ ಸಂಘದಲ್ಲಿ ತೀರ್ಮಾನ ಆಗಿದ್ದು ಹೀಗೆ: ಹಳದಿ ತಿರುಗಿದ ಹಣ್ಣು, ಉದುರಿದ ಹಣ್ಣು ಮಾತ್ರ ತಗೊಳ್ಳೋದು, ಹಸಿರು ಕಾಯಿ ತಂದ್ರೆ ವಾಪಸ್, ತುದಿ ಟೊಂಗೆದು ಮುಟ್ಟಂಗಿಲ್ಲ. ಕಾದವ್ರಿಗೆ ಲಾಸ್ ಆಗ್ಬಾರ್ದಲ್ಲ, ನೀವು ಕೊಡೋ ಆ 40 ರೂಪಾಯಿ ಪೂರ್ತಿ ಕೊಯ್ಯೋರಿಗೇ ಹೋಗ್ತದೆ. ಮಳೇಲಿ ಬಿಸಿಲಿಗೆ ಒಣಗಿಸೋ ಮಾತೇ ಇಲ್ಲ, ಬೆಂಕಿಗೇ ಒಣಗಬೇಕು, ಅದಕ್ಕೆ ಸುಡೋ ಸೌದೆನೂ ಅದೇ ಕಾಡಿಂದು. ಹಾಗಾಗಿ ಮನೆಮನೇಲಿ ಒಲೆ ಹಚ್ಚೋದು ಬಿಟ್ಟು ಎಲ್ರ ಹಣ್ಣೂ ಒಂದೇ ಅಟ್ಟದಲ್ಲಿ ಒಣಗಿಸ್ತೇವೆ, ಅಡಿಕೆ ಸಿಪ್ಪೆನೂ ಉರಿಸ್ತೇವೆ. ತೋಟದ ಅಂಚಲ್ಲಿ ಕಸಿ ಗಿಡ ಹಾಕ್ತಿದ್ದೇವೆ, ಅವು ಫಲಕ್ಕೆ ಬಂದ್ರೆ ಕಾನಿನ ಮರ ಪೂರ್ತಿ ಬಿಟ್ಬಿಡೋ ಯೋಚನೆ ಇದೆ.

ನೀವೇನ್ ಮಾಡ್ಬಹುದು ಅಂತ ಕೆಲವ್ರು ಕೇಳಿದ್ರಿ. ಸಿಪ್ಪೆ ಸ್ವಲ್ಪನೇ ಸಾಕು, ಸಾರಿಗೆ ಎರಡು ಚೂರು ಹಾಕಿದ್ರೆ ಆಯ್ತು. ಬೇರೆ ಅಂಗಡೀಲಿ ತಗೊಳ್ಳೋದಾದ್ರೂ ಹಣ್ಣಿಂದಾ ಕಾಯಿದಾ ಅಂತ ಒಂದ್ ಮಾತು ಕೇಳಿ, ಗಿರಾಕಿ ಕೇಳಿದ್ರೆ ವ್ಯಾಪಾರಿ ಕಿವಿಗೆ ಬೀಳ್ತದೆ. ಜೋಗಕ್ಕೆ ಬಂದವ್ರು ಗೇರುಸೊಪ್ಪೆ ಘಾಟಿಲಿ ನಿಧಾನ ಓಡ್ಸಿ, ಮಂಗಕ್ಕೆ ಬಿಸ್ಕೆಟ್ ಚಿಪ್ಸ್ ಎಸೀಬೇಡಿ ದಯವಿಟ್ಟು. ತಮಿಳುನಾಡಿನ ವಾಲ್ಪಾರೈಲಿ ಸಿಂಗಳೀಕ ರೋಡಿಗೆ ಇಳಿಯೋದು ರೂಢಿ ಮಾಡ್ಕೊಂಡು ಗಾಡಿ ಅಡಿ ಸಿಕ್ಕಿ ಸತ್ತಿವೆ. ಇಲ್ಲಿ ಆ ಚಟ ಹತ್ತೋದು ಬೇಡ.

ಮುಂಗಡ ಕೊಟ್ಟು ಅರ್ಧ ಕೆಜಿ ಬುಕ್ ಮಾಡಿದವ್ರಿಗೆ ಹಳೇ ರೇಟಲ್ಲೇ ಎರಡು ಕಾಲು ಕೆಜಿ ಪ್ಯಾಕ್ ಬರ್ತದೆ. ಸೆಪ್ಟೆಂಬರ್ ತನಕ ಕಾಯೋಕಾಗಲ್ಲ ಅನ್ನೋರು ಅದೇ ವಾಟ್ಸಾಪ್ ನಂಬರಿಗೆ ತಿಳಿಸಿ, ದುಡ್ಡು ವಾಪಸ್ ಹಾಕ್ತೇವೆ. ಮುರುಗಲು (ಕೋಕಂ) ಸಿಪ್ಪೆ ಸ್ಟಾಕ್ ಇದೆ, ಅರ್ಜೆಂಟ್ ಇದ್ರೆ ಅದನ್ನ ತಗೊಳ್ಳಿ.

ಸಂಘದ ಎಲ್ಲರ ಪರವಾಗಿ,
ಸಿದ್ದಾಪುರ, ಉತ್ತರ ಕನ್ನಡ