ಅಮ್ಮಮ್ಮನ ಮರೆವು: ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಮಗಳೇ,

"ಅಮ್ಮಮ್ಮನಿಗೆ ಅಡಿಕೆ ಸುಲಿಯೋದು ನೆನಪಿರ್ತದೆ, ನಾನು ಮಾತ್ರ ನೆನಪಿಲ್ಲ" ಅಂದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಅಮ್ಮಮ್ಮ ಪಕ್ಕದಲ್ಲೇ ಕೂತಿದ್ದರು.

ನೀನು ಹೇಳಿದ್ದು ಸುಳ್ಳಲ್ಲ. ಅಡಿಕೆಯ ಕೊನೆಕೊಯ್ಲು ಶುರುವಾದ ಮೇಲೆ ದಿನಾ ನೋಡುತ್ತಿದ್ದೇನೆ. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಮುಂದಿಟ್ಟರೆ ಸಾಕು, ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ತಿರುಗಿಸಿ, ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ಅಡಿಕೆಗೂ ಗಾಯವಿಲ್ಲ, ಬೆರಳಿಗೂ ಇಲ್ಲ. ನಡುವೆ ಮಾತ್ರ "ಆಳುಗಳಿಗೆ ಕುಡಿಯಲಿಕ್ಕೆ ಆಸರಿಗೆ ಕೊಟ್ಟಾಯ್ತಾ?" ಅಂತ ಮತ್ತೆ ಮತ್ತೆ ಕೇಳುತ್ತಾರೆ.

ಎರಡೂ ನೆನಪೇ, ಆದರೆ ಮೆದುಳಿನಲ್ಲಿ ಎರಡರ ಜಾಗ ಬೇರೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬವನಿಗೆ ಅಪಸ್ಮಾರ ವಿಪರೀತವಾಗಿ, 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಕಿವಿಗಳ ನೇರಕ್ಕೆ, ಒಳಗೆ ಇರುವ ಭಾಗ ಅದು. ಆಮೇಲೆ ಅವನಿಗೆ ಹೊಸದೊಂದೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನ ಕೈಯಲ್ಲಿ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು, ಆದರೆ ಹಿಂದೆ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ! ಕೈಗೆಲಸದ ಕಲಿಕೆ ನಿಲ್ಲುವುದು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಕಿರುಮೆದುಳು ಇಂಥ ಕಡೆ. ತಲೆಯಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಆ ಹಿಂಬದಿಯ ಕಿರುಮೆದುಳಿನಲ್ಲೇ ಇವೆಯಂತೆ. ನನಗಂತೂ ನಂಬಲಿಕ್ಕೇ ಆಗಲಿಲ್ಲ.

ಅಮ್ಮಮ್ಮನಿಗೆ ಬಂದಿರುವುದು ಆಲ್ಝೈಮರ್ ಎಂಬ ಮರೆವಿನ ಕಾಯಿಲೆ. ಡಾಕ್ಟರು ಮೊದಲು ರಕ್ತದಲ್ಲಿ ಬಿ12 ಜೀವಸತ್ವ, ಥೈರಾಯ್ಡ್ ನೋಡಿದರು. ಅವು ಕಡಿಮೆಯಾದರೂ ಮರೆವು ಬರಬಹುದು, ಅದು ಔಷಧಿಗೆ ಸರಿಹೋಗಲೂಬಹುದು. ಎರಡೂ ಸರಿಯಾಗೇ ಇದ್ದವು. ಸರಿ ಇರಬಾರದಿತ್ತು ಅಂತ ಆಸೆಪಟ್ಟಿದ್ದು ಜೀವನದಲ್ಲಿ ಅದೊಂದೇ ಸಲ. ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಮುತ್ತಲನ್ನೇ. ಹಾಗಾಗಿ ಇವತ್ತಿನದು ಮೊದಲು ಹೋಗುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ, ಕೈಯ ರೂಢಿ ಇನ್ನೂ ತಡ.

ನಿನ್ನನ್ನೂ ಅವರು ಪೂರ್ತಿ ಮರೆತಿಲ್ಲ ಕಣೇ. ಅವರ ಲೆಕ್ಕದಲ್ಲಿ ನೀನಿನ್ನೂ ಎರಡು ಜಡೆ ಹಾಕಿ ಶಾಲೆಗೆ ಹೋಗುವ ಕೂಸು. ಮೊನ್ನೆಯೂ "ಕೂಸು ಶಾಲೆಯಿಂದ ಬಂತಾ?" ಅಂದರು. ದೀಪಾವಳಿಗೆ ಕೂದಲು ಕತ್ತರಿಸಿಕೊಂಡು ಬಂದ ಉದ್ದನೆಯ ಹುಡುಗಿಯನ್ನು ಅದಕ್ಕೆ ಹೊಂದಿಸಿಕೊಳ್ಳಲು ಅವರಿಂದ ಆಗಲಿಲ್ಲ.

ಮುಂದಿನ ಸಲ ಬಂದಾಗ "ನಾನು ಯಾರು ಹೇಳು ನೋಡ್ವಾ" ಅಂತ ಪರೀಕ್ಷೆ ಮಾಡಬೇಡ. ನಿನ್ನ ಅಪ್ಪ ದಿನಾ ಅದನ್ನೇ ಮಾಡುತ್ತಾರೆ, ಅಮ್ಮಮ್ಮ ಗಾಬರಿಯಾಗಿ ಊಟ ಬಿಡುತ್ತಾರೆ. ನೀನೇ ಮೊದಲು ಹೆಸರು ಹೇಳಿಬಿಡು. ಒಂದು ಮೆಟ್ಟುಗತ್ತಿ ತಗೊಂಡು ಪಕ್ಕದಲ್ಲಿ ಕೂತುಕೋ. ತಪ್ಪು ಸುಲಿದರೆ ಬೈಯುತ್ತಾರೆ, ಅದಂತೂ ಖಂಡಿತ.

ಹುಬ್ಬಳ್ಳಿಯಿಂದ ಹೊರಡುವ ಮುಂಚೆ ಫೋನ್ ಮಾಡು.

ನಿನ್ನ ಆಯಿ